ಆತ್ಯಾ ಕಂಪ್ಯೂಟರ್ ಬಿಟ್ಟ ಹತ್ತು ದಿನ

ಹೋದ ಹಂಗಾಮಿನಲ್ಲಿ ನಮ್ಮ ಕಬ್ಬಿನ ಟ್ರ್ಯಾಕ್ಟರಿನ ಹಿಂದೆಯೇ ಗಂಡನ ಬೈಕ್ ಏರಿ ನಾನೂ ಸಕ್ಕರೆ ಕಾರ್ಖಾನೆಗೆ ಹೋಗಿದ್ದೆ. ತೂಕದ ಕಟ್ಟೆಯ ಪಕ್ಕ ಒಂದು ಸಣ್ಣ ಕೋಣೆ, ಅದರ ಕಿಟಕಿಯಿಂದ ಚೀಟಿ ಕೊಡುತ್ತಾರೆ. ಸುತ್ತಲೂ ಹುಳಿತ ಕಬ್ಬಿನ ಹಾಲಿನ ವಾಸನೆ, ಡೀಸೆಲ್ ಹೊಗೆ, ಡ್ರೈವರುಗಳ ಕೂಗಾಟ. ಅದರ ನಡುವೆ ಕಿಟಕಿಯೊಳಗಿಂದ ಕರ್ರ್ ಎಂಬ ಸದ್ದು ಬಂತು. ಒಂದು ದಿಕ್ಕಿಗೆ ಓಡಿ, ತುಸು ನಿಂತು, ಮತ್ತೆ ಓಡುವ ಸದ್ದು. ಸಣ್ಣ ಸೂಜಿಗಳಿಂದ ರಿಬ್ಬನ್ನಿಗೆ ಬಡಿದು ಅಕ್ಷರ ಮೂಡಿಸುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಚೀಟಿ ಕೈಗೆ ಬಂದಾಗ ನನಗೇ ಗೊತ್ತಿಲ್ಲದೆ ಅದನ್ನು ಮೂಗಿನ ಹತ್ತಿರ ಹಿಡಿದಿದ್ದೆ. ಎಣ್ಣೆ ಹೀರಿದ ಹಳೆಯ ಹತ್ತಿಬಟ್ಟೆಯಂಥ ಆ ಶಾಯಿಯ ವಾಸನೆ ಸ್ವಲ್ಪವೂ ಬದಲಾಗಿರಲಿಲ್ಲ. "ಏನ್ ಮೂಸಾಕತ್ತಿ, ತೂಕ ನೋಡು" ಎಂದ ಗಂಡ. ತೂಕ ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಆಗಲೇ ರಾಯಬಾಗದ ನಮ್ಮ ಪಡಸಾಲೆಯಲ್ಲಿದ್ದೆ. ಮತ್ತು, ಮುಚ್ಚಿಟ್ಟೇನು ಪ್ರಯೋಜನ, ನನ್ನ ಹೊಟ್ಟೆಯೊಳಗೆ ಹಳೆಯ ಕಿಚ್ಚು ಆಗಲೇ ಹೊತ್ತಿಕೊಂಡಿತ್ತು.

ಆ ಪಡಸಾಲೆ ಈಗ ಇಲ್ಲ. ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗ ಹೋಯಿತು, ಉಳಿದದ್ದನ್ನು ನಾವೇ ಕೆಡವಿದೆವು. ಅಲ್ಲಿ ಈಗ ಮೊಬೈಲ್ ಅಂಗಡಿಯೊಂದು, ಬೀಜ ಗೊಬ್ಬರದ ಅಂಗಡಿಯೊಂದು ಇವೆ. ನಾನು ಹೇಳುವ ಕಾಲದಲ್ಲಿ ಅದು ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಹೆಜ್ಜೆ ಇಟ್ಟರೆ ಅಂಗಾಲು ತಣ್ಣಗಾಗುತ್ತಿತ್ತು. ಜೋಳದ ಚೀಲಗಳ ವಾಸನೆ, ಆಯಿಯ ದೇವರ ಕೋಣೆಯ ಗಂಧದ ವಾಸನೆ, ಅಡುಗೆಮನೆಯಿಂದ ಹುರಿದ ಶೇಂಗಾದ ವಾಸನೆ, ಮೂರೂ ಪಡಸಾಲೆಯಲ್ಲಿ ಬಂದು ಸೇರುತ್ತಿದ್ದವು. ಆಯಿ ಎಂದರೆ ನನ್ನ ಅಜ್ಜಿ, ಮನೆಯ ಯಜಮಾನಿ. ಅಪ್ಪ ಹೊಲದಲ್ಲಿ, ಅವ್ವ ಒಲೆಯ ಮುಂದೆ. ಜೈನರ ಮನೆಯಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಹೀಗಾಗಿ ಬೇರೆ ಮನೆಗಳಲ್ಲಿ ಒಲೆ ಹೊತ್ತುವ ಹೊತ್ತಿಗೆ ನಮ್ಮಲ್ಲಿ ಪಾತ್ರೆ ಬೋರಲು ಬಿದ್ದಿರುತ್ತಿದ್ದವು, ಸಂಜೆ ಪೂರ್ತಿ ಖಾಲಿ ಇರುತ್ತಿತ್ತು. ಆ ಖಾಲಿ ಸಂಜೆಗಳನ್ನು ತುಂಬಿದವಳು ಆತ್ಯಾ.

ಆತ್ಯಾ ಎಂದರೆ ಅಪ್ಪನ ತಂಗಿ ಸುಲೋಚನಾ. ನಿಪ್ಪಾಣಿಯ ತಂಬಾಕು ವ್ಯಾಪಾರದ ಮನೆಗೆ ಕೊಟ್ಟಿದ್ದರು. ಅಲ್ಲಿ ಬಾಳುವೆ ಮಾಡಲಾಗದೆ ತಿರುಗಿ ಬಂದಳು. ಯಾಕೆ ಬಂದಳೆಂದು ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು, ನಮ್ಮ ಮನೆಯಲ್ಲಿ ಮಾತ್ರ ಯಾರೂ ಕೇಳಲಿಲ್ಲ. ಬಂದವಳು ಬಸ್ ಸ್ಟ್ಯಾಂಡ್ ಹತ್ತಿರದ ಟೈಪಿಂಗ್ ಕ್ಲಾಸಿನಲ್ಲಿ ಕಲಿಸತೊಡಗಿದಳು. ಮುಂದೆ ಆ ಕ್ಲಾಸ್ ಮುಚ್ಚಿತು. ಯಾರಿಗೂ ಬೇಡವಾಗಿ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಕಂಪ್ಯೂಟರನ್ನೂ ಬಂಡೆಯಷ್ಟು ಭಾರದ ಒಂದು ಪ್ರಿಂಟರನ್ನೂ ಮಾಲೀಕರು ಅವಳಿಗೇ ಕೊಟ್ಟುಬಿಟ್ಟರು. ಅಪ್ಪ ಅದನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದ. ಜೋಳದ ಚೀಲ ಸರಿಸಿ ಪಡಸಾಲೆಯಲ್ಲಿ ಜಾಗ ಮಾಡಿದರು. ಆಯಿ ಅರಿಶಿನ ಕುಂಕುಮ ಹಚ್ಚಿ, "ಇದು ಏನ ತಿಂತೈತಿ?" ಎಂದು ಕೇಳಿದಳು. ಕರೆಂಟು ತಿನ್ನುತ್ತದೆ ಎಂದು ಆತ್ಯಾ ಹೇಳಿದಾಗ, "ಹಂಗಾದ್ರ ನಮ್ಮ ಊರಾಗ ಉಪಾಸ ಬೀಳ್ತೈತಿ ಬಿಡು" ಎಂದಳು. ಅದು ನಿಜವೇ ಆಗಿತ್ತು. ಕರೆಂಟು ಬಂದಾಗ ಮಾತ್ರ ನಮ್ಮ ಕಂಪ್ಯೂಟರ್ ಏಳುತ್ತಿತ್ತು.

ಆತ್ಯಾ ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸೀಡಿಯಿಂದ ಅದರೊಳಗೆ ಲಿನಕ್ಸ್ ಹಾಕಿದಳು. ಆಗ ಯಾರ ಬಾಯಲ್ಲೂ ಇರದ ಹೆಸರು. ಪುಕ್ಕಟೆ ಸಿಗುತ್ತದೆ ಎನ್ನುವುದಕ್ಕಿಂತ, ಅದರ ಹೊಟ್ಟೆಯೊಳಗೆ ಏನಿದೆ ಎಂದು ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಬಹುದು ಎನ್ನುವುದು ಅವಳಿಗೆ ಹಿಡಿಸಿತ್ತು. ಮುಚ್ಚಿದ ಬಾಗಿಲುಗಳ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಬಂದವಳು, ಹಿಡಿಸದೆ ಏನು. ಆದರೆ ಹಾಕಿದ ಮೇಲೆ ಒಂದೂ ಸರಿಯಾಗಿ ನಡೆಯಲಿಲ್ಲ. ಧ್ವನಿ ಬರಲಿಲ್ಲ, ಫೋನಿನ ತಂತಿ ಹಿಡಿದು ಇಂಟರ್ನೆಟ್ ತರುವ ಮೋಡೆಮ್ ಗುರುತೇ ಸಿಗಲಿಲ್ಲ, ಮೌಸ್ ಮನಸ್ಸಿಗೆ ಬಂದ ದಿಕ್ಕಿಗೆ ಓಡುತ್ತಿತ್ತು. ಒಂದೊಂದನ್ನೂ ಆತ್ಯಾ ತಿಂಗಳುಗಟ್ಟಲೆ ಪಟ್ಟು ಹಿಡಿದು ಪಳಗಿಸಿದಳು. ತುರುಬಿಗೆ ಪೆನ್ನು ಸಿಕ್ಕಿಸಿಕೊಂಡು, ಸೆರಗು ಸೊಂಟಕ್ಕೆ ಸುತ್ತಿ, ಪೆಟ್ಟಿಗೆಯ ಮುಚ್ಚಳ ತೆಗೆದು ಅದರೊಳಗೆ ಬಗ್ಗಿ ಕೂತರೆ ಕರೆದರೂ ಕೇಳುತ್ತಿರಲಿಲ್ಲ. ಮೊದಲು ನನಗೆ ಹೊಟ್ಟೆಕಿಚ್ಚಾದದ್ದು ಆ ಪೆಟ್ಟಿಗೆಯ ಮೇಲೆಯೇ. ಅದು ಬರುವ ಮುಂಚೆ ನನ್ನ ಜಡೆ ಹಾಕುತ್ತಿದ್ದವಳು ಅವಳು, ಮಲಗುವಾಗ ನನ್ನ ಬೆನ್ನ ಮೇಲೆ ಬೆರಳಿಂದ ಅಕ್ಷರ ಬರೆದು ಏನೆಂದು ಕೇಳುತ್ತಿದ್ದವಳು ಅವಳು. ಈಗ ಅವಳ ಬೆರಳಿಗೆ ಬೇರೆ ಕೆಲಸ ಸಿಕ್ಕಿತ್ತು. ಹಾಗಾಗಿ ನಾನೂ ಒಂದು ಮಣೆ ಹಾಕಿಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ಕೂತೆ. ಅವಳ ಜೊತೆ ಇರಬೇಕೆಂದು ಕಲಿತೆ. ಕಲಿಯುತ್ತ ಕಲಿಯುತ್ತ ನನಗೂ ರುಚಿ ಹತ್ತಿತು.

ಆ ಯಂತ್ರದಲ್ಲಿ ಮನೆಯ ಎಲ್ಲರಿಗೂ ಒಂದೊಂದು ಹೆಸರಿನ ಖಾತೆ ಮಾಡಿಟ್ಟಿದ್ದಳು ಆತ್ಯಾ. ಅಪ್ಪನಿಗೆ, ಅವ್ವನಿಗೆ, ಎಂದೂ ಕೀಲಿಮಣೆ ಮುಟ್ಟದ ಆಯಿಗೂ ಒಂದು. ಎಲ್ಲರಿಗೂ ಅವರವರ ಅಂಗಳ, ಅದರಾಚೆ ಹೋಗುವ ಹಾಗಿಲ್ಲ. ಯಂತ್ರದ ಒಳಗಿನದೇನನ್ನಾದರೂ ಬದಲಿಸಬೇಕೆಂದರೆ ರೂಟ್ ಎಂಬ ಇನ್ನೊಂದು ಹೆಸರಿನಿಂದ ಹೋಗಬೇಕು. ಅದರ ಪಾಸ್‌ವರ್ಡ್ ಮನೆಯಲ್ಲಿ ಆತ್ಯಾ ಒಬ್ಬಳಿಗೇ ಗೊತ್ತು. ಅವಳು ಅದನ್ನು ಒತ್ತುವಾಗ ಪರದೆಯ ಮೇಲೆ ಏನೂ ಮೂಡುತ್ತಿರಲಿಲ್ಲ, ಬೆರಳುಗಳ ಟಕಟಕ ಮಾತ್ರ. ನನಗೆ ಅದು ಬೇಕಿತ್ತು. ಹೊಸ ಲಂಗಕ್ಕಿಂತ, ಸೈಕಲ್ಲಿಗಿಂತ ಹೆಚ್ಚಾಗಿ ಬೇಕಿತ್ತು. ಕೇಳಿದಾಗಲೆಲ್ಲ, "ಒಬ್ಬಾಕಿನ ಒಂದು ಕೆಲಸ ತುದಿ ಮುಟ್ಟಿಸು, ಆವಾಗ ಕೊಡ್ತೀನಿ" ಎನ್ನುತ್ತಿದ್ದಳು. ಆದರೆ ಒಬ್ಬಳೇ ಮಾಡಲು ಅವಳು ಬಿಡಬೇಕಲ್ಲ. ನಾನು ಎರಡು ಸಾಲು ಒತ್ತುವುದರೊಳಗೆ ಅವಳ ಕೈ ನನ್ನ ಕೈಯ ಮೇಲೆ ಬರುತ್ತಿತ್ತು, ಕೆಲಸ ಅವಳದಾಗುತ್ತಿತ್ತು.

ಹೀಗಿರುವಾಗ ರೇಷ್ಮಾ ಬಂದಳು. ಕುಡಚಿಯಲ್ಲಿ ಅವರ ಅಪ್ಪನದು ಗುಜರಿ ಅಂಗಡಿ. ಹಳೆಯ ರೇಡಿಯೋ, ಟೀವಿ, ಫ್ಯಾನು ಕೊಂಡು ಬಿಚ್ಚಿ ಮಾರುತ್ತಿದ್ದರು. ಮೋಡೆಮಿಗಾಗಿ ಆತ್ಯಾ ಅಲ್ಲಿಗೆ ಹೋದವಳು ಮೋಡೆಮಿನ ಜೊತೆ ಈ ಹುಡುಗಿಯನ್ನೂ ತಂದಳು. ನನ್ನದೇ ವಯಸ್ಸು, ನಮ್ಮ ರಾಯಬಾಗದ ಹೈಸ್ಕೂಲಿಗೇ ಬಸ್ಸಿನಲ್ಲಿ ಬರುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಕುಡಚಿ ಬಸ್ಸು ಬರುವತನಕ ನಮ್ಮ ಪಡಸಾಲೆಯಲ್ಲಿ ಕೂರತೊಡಗಿದಳು. ತೆಳ್ಳನೆಯ ಬೆರಳುಗಳು, ಎಡ ಹುಬ್ಬಿನ ಮೇಲೆ ಒಂದು ಗಾಯದ ಗೆರೆ, ಮಾತು ಕಡಿಮೆ. ಜಗಳ ತೆಗೆಯೋಣವೆಂದರೆ ಒಂದು ನೆಪ ಕೊಡುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುವುದು ನನ್ನ ಹಣೆಬರಹವಾದರೆ, ಅವಳಿಗೆ ಅರ್ಧ ಹೇಳಿದರೆ ಸಾಕು. ಆತ್ಯಾ, "ಭೇಷ್" ಎನ್ನುತ್ತಿದ್ದಳು. ಆ ಮಾತು ನನಗೂ ಬರುತ್ತಿತ್ತು, ಆದರೆ ನನಗೆ ಹೇಳುವಾಗ ನನ್ನ ತಲೆ ಸವರಿ ಹೇಳುತ್ತಿದ್ದಳು. ರೇಷ್ಮಾಳಿಗೆ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದಳು. ತಲೆ ಸವರುವುದು ಮಕ್ಕಳಿಗೆ, ಕಣ್ಣು ತೆಗೆಯದೆ ಹೇಳುವುದು ಸರೀಕರಿಗೆ ಎಂದು ನನಗೆ ಆಗಲೇ ತಿಳಿಯುತ್ತಿತ್ತು. ಮೊದಮೊದಲು ಅವಳು ಆತ್ಯಾಳನ್ನು, "ಬಾಯಾರ" ಎಂದು ಕರೆಯುತ್ತಿದ್ದಳು, ನಮ್ಮ ಕಡೆ ಟೀಚರಿಗೆ ಹಾಗನ್ನುವುದು. ಒಂದು ದಿನ, "ಆತ್ಯಾ, ಇದ ನೋಡ್ರಿ" ಎಂದಳು. ಆತ್ಯಾ ಸಹಜವಾಗಿ ಬಗ್ಗಿ ನೋಡಿದಳು. ನಾನು ಎದ್ದು ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ನಿಂತೆ. ನನ್ನ ಅಪ್ಪನ ತಂಗಿ ಇವಳಿಗೆ ಹೇಗೆ ಆತ್ಯಾ ಆದಳು ಎಂದು ಎಮ್ಮೆಯನ್ನೇ ಕೇಳಿದೆ.

ಪ್ರಿಂಟರಿನ ಕತೆ ಶುರುವಾದದ್ದು ಆಯಿಯ ಕಣ್ಣಿನಿಂದ. ದಿನಾ ಹೇಳುವ ಪ್ರಾರ್ಥನೆಯ ಪುಸ್ತಕದ ಅಕ್ಷರ ಅವಳಿಗೆ ಕಾಣದಾಗಿತ್ತು. ಯಾರಾದರೂ ಓದಿ ಹೇಳಬೇಕು, ಅದು ಅವಳಿಗೆ ಸೇರದು. ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ಅಚ್ಚು ಮಾಡಿಕೊಡುತ್ತೇನೆಂದು ಆತ್ಯಾ ಮಾತು ಕೊಟ್ಟಳು. ಪರದೆಯ ಮೇಲೆ ಅಕ್ಷರ ಚೆನ್ನಾಗಿಯೇ ಮೂಡಿತು. ಹಾಳೆಯ ಮೇಲೆ ಮಾತ್ರ ಪ್ರಿಂಟರಿನ ತಲೆ ಪ್ರತಿ ಸಲ ಓಡಿದ ಮೇಲೂ ನಡುವೆ ಒಂದು ಬಿಳಿ ಗೆರೆ ಬಿಡುತ್ತಿತ್ತು. ದೊಡ್ಡ ಅಕ್ಷರವೆಂದರೆ ಮೂರು ನಾಲ್ಕು ಓಟ ಬೇಕು. ಹೀಗಾಗಿ ಪ್ರತಿ ಅಕ್ಷರಕ್ಕೂ ಸೊಂಟದಲ್ಲಿ ಒಂದು, ಕುತ್ತಿಗೆಯಲ್ಲಿ ಒಂದು ಕಡಿತ. ಒತ್ತಕ್ಷರಗಳಂತೂ ಮೈಯಿಂದ ಬೇರೆಯಾಗಿ ಕೆಳಗೆ ಬಿದ್ದಿರುತ್ತಿದ್ದವು. ಆಯಿ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ನನ್ನ ಕಣ್ಣು ಹೋಗ್ಯಾವ ಅಂತ ತಿಳದಿದ್ದೆ, ಇದರದೂ ಹೋಗ್ಯಾವ" ಎಂದಳು.

ತಪ್ಪು ಡ್ರೈವರಿನಲ್ಲಿತ್ತು. ಕಂಪ್ಯೂಟರ್ ಮಾತು ಪ್ರಿಂಟರಿಗೆ ತಿಳಿಯುವಂತೆ ಹೇಳುವ ದುಭಾಷಿಯೇ ಡ್ರೈವರು. ನಮ್ಮ ಪ್ರಿಂಟರು ಅಷ್ಟು ಹಳೆಯದು ಮತ್ತು ಅಪರೂಪದ್ದು, ಮಾಡಿದ ಕಂಪನಿಯೇ ಅದನ್ನು ಮರೆತಿತ್ತು. ಅದರ ಡ್ರೈವರನ್ನು ಎಲ್ಲೋ ಹಿಮ ಬೀಳುವ ದೇಶದ ಒಬ್ಬ ಮನುಷ್ಯ ಹವ್ಯಾಸಕ್ಕಾಗಿ ಬರೆದಿದ್ದ. ಆತ್ಯಾ ಅವನಿಗೆ ಇಮೇಲ್ ಬರೆದಳು. ಅವನು ಉತ್ತರಿಸಿದ. ಅವನ ಹತ್ತಿರ ಆ ಪ್ರಿಂಟರೇ ಈಗ ಇರಲಿಲ್ಲ, ಅದು ಕೆಟ್ಟು ಹೋಗಿತ್ತು. ಅವನಿಗೆ ತಿಳಿದಮಟ್ಟಿಗೆ ಅದನ್ನು ಇನ್ನೂ ನಡೆಸುತ್ತಿದ್ದವರು ರಾಯಬಾಗದ ನಾವೊಬ್ಬರೇ. ಇಬ್ಬರ ನಡುವೆ ಮಳೆಗಾಲವಿಡೀ ಪತ್ರ ನಡೆಯಿತು. ಅವನು ಕಾಣದ ಯಂತ್ರಕ್ಕೆ ಔಷಧ ಬರೆಯುತ್ತಿದ್ದ, ಆತ್ಯಾ ಹಾಕಿ ನೋಡಿ ಗುಣ ಹೇಳುತ್ತಿದ್ದಳು. ಕೊನೆಗೆ ಅವನು ಬರೆದ: ತಪ್ಪು ಎಲ್ಲಿದೆ ಎಂದು ಸಿಕ್ಕಿದೆ, ಮುಂದಿನ ವಾರ ತಿದ್ದುಪಡಿ ಕಳಿಸುತ್ತೇನೆ, ಹೊಸ ಆವೃತ್ತಿ ಹೊರಡುವುದರೊಳಗೆ ಪರೀಕ್ಷಿಸಿ ತಿಳಿಸಬೇಕು. ಮತ್ತು ಯಾರು ಪರೀಕ್ಷೆ ಮಾಡುತ್ತಾರೋ ಅವರ ಹೆಸರು ಡ್ರೈವರಿನ ಒಳಗೇ ಬರೆದಿಡುತ್ತೇನೆ, ಅದು ಜಗತ್ತಿನ ಎಲ್ಲ ಕಡೆ ಹೋಗುತ್ತದೆ. ಆತ್ಯಾ ಅದನ್ನು ನಮಗೆ ಕನ್ನಡದಲ್ಲಿ ಓದಿ ಹೇಳಿದಳು. ರೇಷ್ಮಾ ನನ್ನನ್ನು ನೋಡಿದಳು, ನಾನು ರೇಷ್ಮಾಳನ್ನು ನೋಡಿದೆ. ಆ ಹೆಸರು ನನ್ನದಾಗಬೇಕೆಂದು ನಾನು ಆ ಕ್ಷಣದಿಂದ ಬೇರೇನನ್ನೂ ಯೋಚಿಸಲಿಲ್ಲ.

ಆ ಮುಂದಿನ ವಾರವೇ ದಶಲಕ್ಷಣ ಪರ್ವ. ಭಾದ್ರಪದದ ಆ ಹತ್ತು ದಿನ ನಮ್ಮ ಮನೆಗಳಲ್ಲಿ ಒಪ್ಪತ್ತು ಊಟ, ಬೆಳಿಗ್ಗೆ ಬಸದಿ, ಮತ್ತು ಒಬ್ಬೊಬ್ಬರದೂ ಒಂದೊಂದು ನೇಮ. ತನಗೆ ಪ್ರೀತಿಯ ಯಾವುದಾದರೊಂದನ್ನು ಹತ್ತು ದಿನ ಬಿಡುವುದು. ಹಿಂದಿನ ದಿನ ಸಂಜೆ ದೇವರ ಕೋಣೆಯಲ್ಲಿ ದೀಪದ ಮುಂದೆ ನಿಂತು ಆಯಿಗೆ ಹೇಳಬೇಕು. ಒಮ್ಮೆ ಬಾಯಿಂದ ಬಂದರೆ ಮುಗಿಯಿತು, ಅದನ್ನು ತಿರುಗಿ ಪಡೆಯುವಂತಿಲ್ಲ. ಅಪ್ಪ ಪ್ರತಿ ವರ್ಷ ಚಹಾ ಬಿಟ್ಟು ಹತ್ತೂ ದಿನ ತಲೆ ಹಿಡಿದುಕೊಂಡು ತಿರುಗುತ್ತಿದ್ದ. ಅವ್ವ ಬೆಲ್ಲ ಬಿಡುತ್ತಿದ್ದಳು. ಆ ಸಂಜೆಯೂ ಅವರಿಬ್ಬರದು ಆದ ಮೇಲೆ ಆಯಿ ಮಗಳ ಕಡೆ ತಿರುಗಿದಳು.

"ಸುಲೀ, ನೀ ಏನ ಬಿಡ್ತಿ?"

"ಕಂಪ್ಯೂಟರ್ ಬಿಡ್ತೀನಿ ಅವ್ವಾ. ಹತ್ತೂ ದಿನ ಕೈ ಹಚ್ಚೂದಿಲ್ಲ, ಪರದಿ ಕಡೆ ನೋಡೂದಿಲ್ಲ."

ನನ್ನ ಅವ್ವ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಅಪ್ಪ, ಈ ವಾರ ಏನೋ ಬರುವುದಿದೆ ಅಂದಿದ್ದೆಯಲ್ಲ ಎಂದು ಕೇಳಲು ಹೋಗಿ ದೀಪದ ಕಡೆ ನೋಡಿ ನಿಲ್ಲಿಸಿದ. ಇಡೀ ಮಳೆಗಾಲ ಕಾದ ತಿದ್ದುಪಡಿ ಬರುವ ಹೊತ್ತಿಗೆ ಸರಿಯಾಗಿ ಅದನ್ನೇ ಬಿಡುವುದೆಂದರೆ! ಆಯಿಯ ಮುಖ ಅರಳಿತು, ಇಷ್ಟು ದೊಡ್ಡ ನೇಮ ನಮ್ಮ ಮನೆಯಲ್ಲಿ ಯಾರೂ ಹಿಡಿದಿರಲಿಲ್ಲ. ಆತ್ಯಾ ನನ್ನನ್ನೇ ನೋಡುತ್ತಿದ್ದಳು. ಕಣ್ಣಿನ ಅಂಚಿನಲ್ಲಿ ಸಣ್ಣ ನಗೆಯಿತ್ತು. ಇವಳು ನನ್ನ ಮನಸ್ಸು ಅಳೆಯುತ್ತಿದ್ದಾಳೆ ಎಂದುಕೊಂಡೆ. ಅವಳು ಬಿಟ್ಟದ್ದನ್ನು ನಾನೂ ಬಿಟ್ಟರೆ, ಅವಳ ಸಮಕ್ಕೆ ನಿಂತರೆ, ಇನ್ನು ರೇಷ್ಮಾ ಎಷ್ಟು ಶಾಣ್ಯಾಳಾದರೂ ಏನು, ಈ ದೀಪದ ಮುಂದೆ ಬಂದು ನಿಲ್ಲಲು ಅವಳಿಗಾಗುತ್ತದೆಯೇ. ಇದು ನಮ್ಮ ಮನೆಯ ಮಾತು, ಇಲ್ಲಿ ನಾನೇ ಗೆಲ್ಲುವುದು.

"ನಾನೂ ಕಂಪ್ಯೂಟರ್ ಬಿಡ್ತೀನಿ ಆಯಿ" ಎಂದೆ.

ಆತ್ಯಾಳ ಬಾಯಿ ಅರ್ಧ ತೆರೆಯಿತು, ಮುಚ್ಚಿತು. ಆಯಿ ನನ್ನ ಕೆನ್ನೆ ಹಿಡಿದು ಲಟಿಕೆ ಮುರಿದು, "ನೋಡ್ರಿ, ಆತ್ಯಾಗ ತಕ್ಕ ಸೊಸಿ" ಎಂದಳು. ಆ ಮಾತು ಕೇಳಲು ನಾನು ವರ್ಷಗಳಿಂದ ಕಾದಿದ್ದೆ. ಆತ್ಯಾ ದೀಪದ ಬತ್ತಿ ಸರಿಮಾಡುತ್ತ ಬಹಳ ಹೊತ್ತು ಅತ್ತ ತಿರುಗಿಯೇ ನಿಂತಿದ್ದಳು.

ಮರುದಿನ ಶಾಲೆ ಬಿಟ್ಟು ಬಂದಾಗ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ರೇಷ್ಮಾ ಕೂತಿದ್ದಳು. ಆತ್ಯಾ ಅದಕ್ಕೆ ಬೆನ್ನು ಮಾಡಿ ನಿಂತು, ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ರೇಷ್ಮಾ ತಲೆಯಾಡಿಸಿ ಕೀಲಿಮಣೆಯ ಮೇಲೆ ಟಕಟಕ ಒತ್ತಿದಳು. ನಾನು ಬಾಗಿಲಲ್ಲೇ ನಿಂತಿದ್ದೆ, ಚೀಲ ಇನ್ನೂ ಹೆಗಲ ಮೇಲಿತ್ತು. ಪರದೆಯನ್ನು ನಾನು ನೋಡುವಂತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಅದು ರೂಟಿನ ಪಾಸ್‌ವರ್ಡ್ ಒತ್ತುವ ಬೆರಳುಗಳ ಸದ್ದೆಂದು ನನಗೆ ಗೊತ್ತಿತ್ತು.  ಅಡುಗೆಮನೆಗೆ ಹೋಗಿ ಅವ್ವನ ಮುಂದೆ ಕೂತು ಜೋಳ ಹಸನು ಮಾಡತೊಡಗಿದೆ. ಒಂದು ಹರಳೂ ಕಾಣದ ಜೋಳವನ್ನು ಮತ್ತೆ ಮತ್ತೆ ಹಸನು ಮಾಡಿದೆ. ಅವ್ವ ಮೊರ ತುಂಬಿ ತುಂಬಿ ನನ್ನ ಮುಂದೆ ಇಡುತ್ತಿದ್ದಳು.

ಮುಂದಿನ ದಿನಗಳಲ್ಲಿ ನಾನು ಆ ಕೆಲಸವನ್ನು ಪೂರ್ತಿ ಕಿವಿಯಿಂದಲೇ ಕಂಡೆ. ತಿದ್ದುಪಡಿ ಬಂತೆಂದು ರೇಷ್ಮಾ ಹೇಳಿದ್ದು ಕೇಳಿಸಿತು. ಡ್ರೈವರನ್ನು ಹೊಸದಾಗಿ ಕಟ್ಟುವಾಗ ಪೆಟ್ಟಿಗೆಯ ಫ್ಯಾನು ಏದುಸಿರು ಬಿಡುವುದು ಕೇಳಿಸಿತು. ನಡುವೆ ಕರೆಂಟು ಹೋಗಿ ಎಲ್ಲ ಮೊದಲಿನಿಂದ ಆಗಬೇಕಾದಾಗ ನನಗೆ ತಣ್ಣಗಾಯಿತು. ಮರುದಿನ ಮತ್ತೆ ಶುರು. ಒಂದು ಕಡೆ ಅವಳು ತಡವರಿಸಿ, "ಆತ್ಯಾ, ಇಲ್ಲಿ ಏನೋ ಬ್ಯಾರೆ ಕೇಳಾಕತ್ತೈತಿ" ಎಂದಾಗ, ಆತ್ಯಾ ಪಡಸಾಲೆಯ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು, "ಓದಿ ಹೇಳಬ್ಯಾಡ. ನೀನ ವಿಚಾರ ಮಾಡು" ಎಂದಳು. ಅವಳು ಎಂದೂ ನನಗೆ ಅಷ್ಟು ದೂರ ಕೂತು ಕಲಿಸಿರಲಿಲ್ಲ. ಇದೇ ಹೆಚ್ಚು ಉರಿಯಿತು. ನನ್ನ ಕೈಯ ಮೇಲೆ ಸದಾ ಕೈ ಇಟ್ಟವಳು ಇವಳ ಕೈ ಬಿಟ್ಟಿದ್ದಳು, ಅಷ್ಟು ನಂಬಿಕೆ.

ಕೊನೆಗೊಂದು ಮಧ್ಯಾಹ್ನ, ಶಾಲೆಗೆ ರಜೆ ಇದ್ದ ದಿನ, ಪ್ರಿಂಟರು ಓಡಿತು. ಕರ್ರ್ ಎಂದು ಹೋಗಿ, ತುಸು ನಿಂತು, ಮತ್ತೆ ಕರ್ರ್. ನಾನು ಮೊರ ಹಿಡಿದು ಹಾಗೇ ಕೂತೆ. ಹಾಳೆ ಹರಿದ ಸದ್ದಾಯಿತು. ಆಗ ಒಂದು ತಕರಾರು ಬಂತು. ಅಚ್ಚಾದ ಹಾಳೆಯನ್ನು ಆತ್ಯಾ ನೋಡಿದರೆ ನೇಮ ಮುರಿದಂತೆಯೋ ಅಲ್ಲವೋ? ಆಯಿಯನ್ನು ಕೇಳಿದರು. ಆಯಿ ತುಸು ಯೋಚಿಸಿ, "ಕಾಗದ ಕಾಗದನ. ಅದರಾಗ ಕರೆಂಟ್ ಐತೇನು? ನೋಡು" ಎಂದಳು. ಆತ್ಯಾ ಹಾಳೆಯನ್ನು ತಾಯಿಯ ಕೈಗೇ ಕೊಟ್ಟಳೆಂದು ಕಾಣುತ್ತದೆ. ಯಾಕೆಂದರೆ ಆಮೇಲೆ ಕೇಳಿಸಿದ್ದು ಆಯಿಯ ದನಿ. ಮೊದಲು ನಿಧಾನಕ್ಕೆ, ಒಂದೊಂದೇ ಅಕ್ಷರ ಹಿಡಿದು, ಆಮೇಲೆ ಸಲೀಸಾಗಿ, ತನ್ನ ಪ್ರಾರ್ಥನೆಯನ್ನು ತಾನೇ ಓದುತ್ತಿದ್ದಳು. ಅಪ್ಪ ಹೊಲದಿಂದ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ನನ್ನ ಅಜ್ಜಿ ಮತ್ತೆ ಓದುತ್ತಿದ್ದಾಳೆ, ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ದನಿ ಕೇಳಿಸುತ್ತಿರುವಷ್ಟು ಹೊತ್ತೂ ನಾನು ಯೋಚಿಸಿದ್ದು ಇಷ್ಟೇ: ಇದನ್ನು ಅವಳು ಮಾಡಿದಳು, ನಾನಲ್ಲ.

ಹಿಮದ ದೇಶದವನಿಗೆ ರೇಷ್ಮಾಳೇ ಬರೆದಳು. ಯಾರ ಹೆಸರು ಹಾಕಬೇಕೆಂದು ಅವನು ಕೇಳಿದಾಗ ಅವಳು ಆತ್ಯಾಳ ಹೆಸರು ಹೇಳಲು ಹೋದಳಂತೆ. ಆತ್ಯಾ ಬಿಡಲಿಲ್ಲ. "ಯಾರು ಮಾಡಿ ನೋಡ್ಯಾರೋ ಅವರ ಹೆಸರು. ಮಾಡಲಾರದವರ ಹೆಸರು ಯಾಕ?" ಹೊಸ ಆವೃತ್ತಿಯಲ್ಲಿ ಆ ಸಾಲು ಬಂತು: ಪರೀಕ್ಷಿಸಿದವರು, ರೇಷ್ಮಾ, ಕುಡಚಿ, ಭಾರತ. ರಾಯಬಾಗದ ನಮ್ಮ ಪಡಸಾಲೆಯಲ್ಲಿ, ನಮ್ಮ ಕರೆಂಟಿನಲ್ಲಿ, ನನ್ನ ಆಯಿಯ ಪ್ರಾರ್ಥನೆಯಿಂದ ಆದ ಕೆಲಸಕ್ಕೆ ಕುಡಚಿಯ ಹೆಸರು!

ಪರ್ವ ಮುಗಿದ ಮರುದಿನ ಕ್ಷಮಾವಾಣಿ. ಆ ದಿನ ನಮ್ಮಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳುವ ಪದ್ಧತಿ, ದೊಡ್ಡವರೂ ಸಣ್ಣವರನ್ನು ಕೇಳುತ್ತಾರೆ. ಆಯಿಯ ಕಣ್ಣು ನನ್ನ ಮೇಲಿದ್ದುದರಿಂದ ರೇಷ್ಮಾ ಬಂದಾಗ ನಾನು ಕೈಮುಗಿದು, "ಏನರ ತಪ್ಪಾಗಿದ್ರ ಕ್ಷಮಾ ಮಾಡು" ಎಂದೆ. ಅವಳು ಗಾಬರಿಯಾಗಿ, "ಯಾಕ, ಏನ್ ಮಾಡೀದಿ?" ಎಂದಳು. "ಏನೂ ಮಾಡಿಲ್ಲ, ಪದ್ಧತಿ ಐತಿ" ಎಂದೆ. ಆಮೇಲೆ ಆತ್ಯಾ ನನ್ನ ಮುಂದೆ ಬಂದು ನಿಂತಳು. ಎರಡೂ ಕೈ ಜೋಡಿಸಿ, "ತ್ರಿಶಲಾ, ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡವ್ವಾ" ಎಂದಳು. ಎಲ್ಲರೂ ಹೇಳುವ ಮಾತೇ. ಹೇಳಿದವಳು ಅಲ್ಲೇ ಗೋಡೆಗೆ ಒರಗಿದಳು, ಹತ್ತು ದಿನ ಒಪ್ಪತ್ತು ಮಾಡಿ ಸೋತಿದ್ದಾಳೆ ಎಂದುಕೊಂಡೆ. ಅದೇ ವಾರ ಅವಳು ರೂಟಿನ ಪಾಸ್‌ವರ್ಡನ್ನು ನನಗೂ ಹೇಳಿದಳು. ನಾನು ಬಲು ದಿನದಿಂದ ಕೇಳಿದ್ದು ಕೊನೆಗೂ ಸಿಕ್ಕಿತು, ಆದರೆ ಇನ್ನೊಬ್ಬರು ಉಂಡ ತಾಟಿನಲ್ಲಿ ಬಡಿಸಿದ ಹಾಗೆ ಸಿಕ್ಕಿತು.

ಆಮೇಲೆ ಎಲ್ಲ ಒಂದೊಂದಾಗಿ ಹೋಯಿತು, ನಿಮ್ಮ ಮನೆಗಳಲ್ಲೂ ಹೋದ ಹಾಗೆ. ಆಯಿ ಹೋದಳು, ಕೊನೆಯ ತನಕ ಆ ಹಾಳೆಗಳನ್ನು ಓದುತ್ತಲೇ ಇದ್ದಳು. ಪ್ರಿಂಟರಿಗೆ ರಿಬ್ಬನ್ ಸಿಗುವುದು ನಿಂತಿತು, ಮನೆ ಕೆಡವಿದಾಗ ಅದೂ ಗುಜರಿಗೆ ಹೋಯಿತು. ನಾನು ಕಂಪ್ಯೂಟರನ್ನೇ ಓದಿ, ಚಿಕ್ಕೋಡಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತಿದ್ದೇನೆ. ರೇಷ್ಮಾ ಕುಡಚಿಯಲ್ಲಿ ಶಾಲೆಯ ಟೀಚರು. ಆತ್ಯಾ ಬೇನೆ ಬಿದ್ದು ಹೋದಾಗ ಅವಳು ಬಂದು ಕಾಲ ಹತ್ತಿರ ಕೂತು ಅತ್ತಳು. ಬಂದವರೆಲ್ಲ, ಯಾರು ಈ ಹುಡುಗಿ, ಮಗಳ ಹಾಗೆ ಅಳುತ್ತಿದ್ದಾಳೆ ಎಂದರು. ನನ್ನ ಕಣ್ಣೀರು ಅಲ್ಲಿಯೇ ಬತ್ತಿತು. ಸಾವಿನ ಮನೆಯಲ್ಲೂ ಮನುಷ್ಯರಿಗೆ ಹೊಟ್ಟೆಕಿಚ್ಚು ಇರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ.

ರೇಷ್ಮಾಳ ಹೆಸರು ಬಂದಂದಿನಿಂದ ನಾನು ಒಂದು ಕೆಲಸ ಬಿಡದೆ ಮಾಡುತ್ತ ಬಂದಿದ್ದೇನೆ. ಹೊಸ ಆವೃತ್ತಿ ಬಂದಾಗಲೆಲ್ಲ ಆ ಡ್ರೈವರಿನ ಕಡತ ತೆಗೆದು ಆ ಸಾಲು ಇದೆಯೇ ಎಂದು ನೋಡುತ್ತೇನೆ. ನೋಯುವ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡುತ್ತೇವಲ್ಲ, ಹಾಗೆ. ಪ್ರತಿ ಸಲ ಇರುತ್ತಿತ್ತು, ಪ್ರತಿ ಸಲ ನೋಯುತ್ತಿತ್ತು. ಕಾರ್ಖಾನೆಯಿಂದ ಬಂದ ಕೆಲವು ದಿನಗಳಲ್ಲೇ ಆ ತಂತ್ರಾಂಶ ನೋಡಿಕೊಳ್ಳುವವರ ಒಂದು ಇಮೇಲ್ ಅವರ ಪಟ್ಟಿಯಲ್ಲಿದ್ದ ಎಲ್ಲರಿಗೂ ಬಂದಂತೆ ನನಗೂ ಬಂತು. ಈ ಪ್ರಿಂಟರನ್ನು ಈಗ ಯಾರಾದರೂ ಬಳಸುತ್ತಿದ್ದೀರಾ? ಒಬ್ಬರಿದ್ದರೂ ತಿಳಿಸಿ, ಉಳಿಸುತ್ತೇವೆ. ಯಾರೂ ಇಲ್ಲದಿದ್ದರೆ ಮುಂದಿನ ಆವೃತ್ತಿಯಿಂದ ತೆಗೆಯುತ್ತೇವೆ. ನನಗೆ ಖುಷಿಯಾಗಬೇಕಿತ್ತು. ಅದರ ಬದಲು ಆ ಇಮೇಲನ್ನು ಮೂರು ಸಲ ಓದಿದೆ. ಎಷ್ಟೋ ವರ್ಷಗಳ ಮೇಲೆ ರೇಷ್ಮಾಳಿಗೆ ಫೋನ್ ಮಾಡಿದೆ.

"ನಿನ್ನ ಹೆಸರು ತಗಿಯಾಕತ್ತಾರ" ಎಂದೆ.

ಯಾವ ಹೆಸರು ಎಂದು ಅವಳಿಗೆ ನೆನಪಾಗಲು ಹೊತ್ತು ಹಿಡಿಯಿತು. ಆ ಸಾಲು ಬಂದ ವರ್ಷ ಅವಳು ಅದನ್ನು ಒಮ್ಮೆ ನೋಡಿದ್ದಳಂತೆ, ಆಮೇಲೆ ನೋಡಿರಲೇ ಇಲ್ಲ. "ಹೋಗ್ಲಿ ಬಿಡು ತ್ರಿಶಲಾ. ಆ ಪ್ರಿಂಟರ್ ಈಗ ಯಾರ ಮನ್ಯಾಗ ಐತಿ?" ಎಂದಳು.  ನಾನು ಫೋನ್ ಇಡಲು ಹೋದಾಗ ಮತ್ತೆ ಮಾತಾಡಿದಳು.

"ಒಂದ ಮಾತ ಹೇಳ್ತೀನಿ. ಹೇಳಬ್ಯಾಡ ಅಂದಿದ್ಲು ಆತ್ಯಾ. ಈಗ ಆಕೀನೂ ಇಲ್ಲ, ಆ ಹೆಸರೂ ಹೊಂಟೈತಿ. ಆಕಿ ಆ ನೇಮ ಹಿಡದದ್ದ ನಿನ್ನ ಸಲುವಾಗಿ. ‘ನಾ ಬಾಜೂಕ ಇದ್ರ ಕೈ ಹಾಕೇ ಹಾಕ್ತೀನಿ, ಹುಡುಗಿ ಒಬ್ಬಾಕಿನ ಮಾಡೂದ ಆಗೂದಿಲ್ಲ. ದೇವರ ಮುಂದ ಮಾತ ಕೊಟ್ಟ ಕೈ ಕಟ್ಟಿಕೊಂಡ ಕುಂದ್ರತೀನಿ, ತ್ರಿಶಲಾ ಮಾಡ್ಲಿ, ಆಕಿ ಹೆಸರ ಬರ್ಲಿ’ ಅಂತ ನನಗ ಮೊದಲ ಹೇಳಿದ್ಲು. ಮರುದಿನ ಬಂದ, ‘ಆಕೀನೂ ಬಿಟ್ಟಾಳವ್ವಾ, ಇನ್ನ ನೀನ ಮಾಡಬೇಕು’ ಅಂದ್ಲು. ಕಣ್ಣಾಗ ನೀರಿದ್ದು. ನಾ ಎರಡನೇಕಿ ಅಂತ ನನಗ ಆವತ್ತಿನಿಂದ ಗೊತ್ತೈತಿ."

ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. 

"ಹೆಂಗ ಹೇಳ್ತಾಳ? ಹೇಳಿದ್ರ ನೀ ನೇಮ ಹಿಡದದ್ದ ತಪ್ಪಾತು ಅಂದಂಗ. ನಿಮ್ಮ ಆಯಿ ಎಷ್ಟ ಹಿಗ್ಗಿದ್ರು."

ಆ ಇಮೇಲಿಗೆ ನಾನು ಉತ್ತರ ಬರೆಯಲಿಲ್ಲ. ಪ್ರಿಂಟರು ಇಲ್ಲದೆ ಇದೆ ಎಂದು ಬರೆಯುವುದು ಆತ್ಯಾ ಕಲಿಸಿದ ಪಾಠವಲ್ಲ. ಮುಂದಿನ ಆವೃತ್ತಿ ಬಂತು. ಕಾಲೇಜಿನ ಲ್ಯಾಬಿನಲ್ಲಿ ಒಬ್ಬಳೇ ಕೂತು ತೆಗೆದು ನೋಡಿದೆ. ಡ್ರೈವರೂ ಇಲ್ಲ, ಸಾಲೂ ಇಲ್ಲ. ಇಷ್ಟು ವರ್ಷ ಕಾಯ್ದುಕೊಂಡು ಬಂದ ಹೊಟ್ಟೆಕಿಚ್ಚನ್ನು ಇನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ರೇಷ್ಮಾಳ ಮೇಲೆ ಇಡಲು ಈಗ ಆಗುವುದಿಲ್ಲ. ನೇಮದ ಆ ಸಂಜೆ ದೀಪದ ಮುಂದೆ ಕೈಮುಗಿದು ನಿಂತ ಒಬ್ಬ ಹುಡುಗಿಯನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ. ಅವಳು ಇನ್ನೂ ಬಾಯಿ ತೆರೆದಿಲ್ಲ. ಆತ್ಯಾ ಅವಳನ್ನೇ ನೋಡಿ ಕಣ್ಣಂಚಿನಲ್ಲಿ ನಗುತ್ತಿದ್ದಾಳೆ, ಎಲ್ಲವೂ ಇನ್ನೂ ಆ ಹುಡುಗಿಯದೇ. ನನಗೀಗ ಹೊಟ್ಟೆಕಿಚ್ಚಾಗುವುದು ಅವಳೊಬ್ಬಳ ಮೇಲೆ.